ಮಿಣುಕುದೀಪದ ಮಹಿಮೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಒಂದು ರೆಸಿಸ್ಟರ್ ಕೇಳಲು ಎಲೆಕ್ಟ್ರಾನಿಕ್ಸ್ ಹವ್ಯಾಸಿಗೆ ನಾಚಿಕೆ. ನೂರು ತರುತ್ತಾನೆ, ಒಂದು ಬಳಸುತ್ತಾನೆ. ಉಳಿದವು ಮುಂದಿನ ಪ್ರಾಜೆಕ್ಟಿಗೆ! ಅದಕ್ಕೋ, ಬೇಕಾಗುವುದು ಯಾವಾಗಲೂ ಬೇರೆ ಓಮ್‌ನದು.

ಅವನ ಕೈಯಲ್ಲಿರುವ ಆರ್ಡುಯಿನೊ ಊನೊ ಬೋರ್ಡಿನ ಚಿಪ್ಪಿಗಿರುವುದು 2 ಕೆಬಿ ರ‍್ಯಾಮ್, 16 ಮೆಗಾಹರ್ಟ್ಸ್ ವೇಗ. ಅಪೊಲೊ ನೌಕೆಯ ಕಂಪ್ಯೂಟರಿಗೆ ಸುಮಾರು 4 ಕೆಬಿ ಇತ್ತು. ವೇಗ ಊನೊಗಿಂತ ಎಷ್ಟೋ ಕಡಿಮೆ. ಗಗನಯಾತ್ರಿಗಳು ಅಷ್ಟರಲ್ಲೇ 1969ರಲ್ಲಿ ಚಂದ್ರನ ಮೇಲಿಳಿದರು. ನಮ್ಮ ಹವ್ಯಾಸಿ ಹುಡುಗ ಊನೊದಿಂದ ಒಂದು ಎಲ್‌ಇಡಿ ಮಿಣುಕಿಸಿ ಮನೆಮಂದಿಯನ್ನೆಲ್ಲ ಕೂಗಿ ಕರೆಯುತ್ತಾನೆ.

"ಇಷ್ಟಕ್ಕೆ ಒಂದು ಸ್ವಿಚ್ ಸಾಕಿತ್ತಲ್ಲೋ?" ಎನ್ನುತ್ತಾರೆ ಅಜ್ಜಿ.

"ಅಯ್ಯೋ ಅಜ್ಜಿ, ಸ್ವಿಚ್ಚನ್ನು ನಂಬೋ ಹಾಗಿಲ್ಲ. ಒಮ್ಮೆ ಒತ್ತಿದರೆ ಒಳಗಿನ ಲೋಹ ಕೆಲವು ಮಿಲಿಸೆಕೆಂಡು ಕುಣಿಯುತ್ತೆ, ಚಿಪ್ಪು ಹತ್ತು ಸಲ ಒತ್ತಿದರು ಅಂದ್ಕೊಳ್ಳುತ್ತೆ. ಅದಕ್ಕೂ ಕೋಡ್ ಬರೀಬೇಕು!"

"ಸರಿ ಬಿಡು, ನಿಮ್ಮ ತಾತನಿಗೂ ಒಂದು ಬರೆದುಕೊಡು. ಒಂದು ಸಲ ಹೇಳಿದ್ದು ಅವರಿಗೆ ಒಂದು ಸಲವೂ ಕೇಳಿಸೋಲ್ಲ!"