ಎಫ್‌ಎ ಕಪ್, 1971–72ರ ಮಾದರಿ: ಬಳಸುವ ಮುನ್ನ ಓದಿ

ಮಾನ್ಯ ಗ್ರಾಹಕರೇ, ಮಿಕ್ಸಿಯ ಜೊತೆ ಬಂದ ಪುಸ್ತಕವನ್ನು ಎಸೆದಂತೆ ಇದನ್ನೂ ಅಟ್ಟಕ್ಕೆ ಎಸೆಯಬೇಡಿ. ಇದು ಇಂಗ್ಲೆಂಡಿನ ಫುಟ್‌ಬಾಲ್ ಯಂತ್ರ. 1872ರಲ್ಲಿ ಮೊದಲ ಫೈನಲ್ ಕಂಡದ್ದು, ಆಗ ಹೆಸರು ಕೊಟ್ಟಿದ್ದ ತಂಡಗಳು ಬರೀ 15. ನಿಮ್ಮ ಕೈಯಲ್ಲಿರುವುದು ನೂರು ತುಂಬಿದ ಮಾದರಿ.

ಕೆಲಸ ಸರಳ. ನೂರಾರು ತಂಡಗಳನ್ನು ಮೇಲಿನಿಂದ ಸುರಿಯಿರಿ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಲದೊಳಗೆ ಕೈಹಾಕಿ ಗುಂಡು ಎತ್ತಿ ತಿಳಿಯಿರಿ. ದೊಡ್ಡ ಕ್ಲಬ್ಬುಗಳು ಮಾತ್ರ, ಮುಹೂರ್ತ ಮುಗಿದು ಎಲೆ ಹಾಕುವ ಹೊತ್ತಿಗೆ ಬರುವ ನೆಂಟರಂತೆ, ಮೂರನೇ ಸುತ್ತಿಗೆ ಬರುತ್ತವೆ.

ಡ್ರಾ ಆದರೆ: ಮತ್ತೆ ಆಡಿಸಿ. ಅದೂ ಡ್ರಾ ಆದರೆ, ಹಿಂದಿನ ವಾಕ್ಯವನ್ನು ಮತ್ತೆ ಓದಿ.

ನಗಬೇಡಿ. ವುಸ್ಟರ್‌ಶೈರ್‌ನ ಆಲ್ವ್‌ಚರ್ಚ್ ಎಂಬ ಹಳ್ಳಿಯ ತಂಡ ಈ ಸೂಚನೆಯನ್ನು ಅಕ್ಷರಶಃ ಪಾಲಿಸಿತು. ಆಕ್ಸ್‌ಫರ್ಡ್ ಸಿಟಿಯ ಎದುರು ಐದು ಸಲ ಡ್ರಾ. ಆರನೆಯ ಸಲ 1–0. ಒಟ್ಟು 11 ಗಂಟೆಗಳ ಆಟ, ಅದೂ ಅರ್ಹತಾ ಸುತ್ತಿನಲ್ಲಿ! ಮುಂದಿನ ಸುತ್ತಿನಲ್ಲಿ ಆಲ್ಡರ್‌ಶಾಟ್ ಎದುರು 4–2ರಿಂದ ಸೋತು ಊರಿಗೆ ಮರಳಿದರು. ಹೊಸ್ತಿಲು ದಾಟಲು ಹನ್ನೊಂದು ಗಂಟೆ, ಹೊರಬೀಳಲು ಒಂದೂವರೆ. ಯಂತ್ರ ಕೆಟ್ಟಿಲ್ಲ, ಇದು ಓಡುವುದೇ ಹೀಗೆ.

ಮಿತಿಮೀರಿದ ವೇಗ: ಬೋರ್ನ್‌ಮತ್ ತಂಡದ ಟೆಡ್ ಮ್ಯಾಕ್‌ಡೂಗಲ್ ಮಾರ್ಗೇಟ್ ಮೇಲೆ ಒಬ್ಬನೇ 9 ಗೋಲು ಹೊಡೆದ (11–0). ಸ್ವಿಚ್ ಆರಿಸಿ, ಮಾರ್ಗೇಟ್‌ನವರಿಗೆ ಒಂದು ಲೋಟ ನೀರು ಕೊಡಿ.

ನೀರೆಂದರೆ ನೆನಪಾಯಿತು. ಉಳಿದ ಯಂತ್ರಗಳಿಗೆ ನೀರು ತಾಗಬಾರದು, ಇದಕ್ಕೆ ಧಾರಾಳವಾಗಿ ಬೇಕು. ಹೆರಿಫರ್ಡ್‌ನ ಮೈದಾನ 1972ರ ಫೆಬ್ರುವರಿ 5ರಂದು ನಾಟಿಗೆ ಹದ ಮಾಡಿದ ಗದ್ದೆಯಂತಿತ್ತು. ಲೀಗಿನ ಲೆಕ್ಕಕ್ಕೇ ಇಲ್ಲದ ಹೆರಿಫರ್ಡ್, ಮೊದಲ ದರ್ಜೆಯ ನ್ಯೂಕಾಸಲ್‌ನ ಊರಿಗೇ ಹೋಗಿ 2–2 ಮಾಡಿಕೊಂಡು ಬಂದಿತ್ತು. ಮಳೆಯ ದೆಸೆಯಿಂದ ಮರುಪಂದ್ಯ ಮತ್ತೆಮತ್ತೆ ಮುಂದಕ್ಕೆ ಹೋಗಿ, ಕೊನೆಗೆ ನಾಲ್ಕನೇ ಸುತ್ತಿನ ದಿನವೇ ಮೂರನೇ ಸುತ್ತಿನ ಬಾಕಿ ತೀರಿಸಬೇಕಾಯಿತು. ಎಂಟು ನಿಮಿಷ ಉಳಿದಿರುವಾಗ ನ್ಯೂಕಾಸಲ್‌ನ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಗೋಲು ಹೊಡೆದ. ಇಲ್ಲಿಗೆ ಕೈಪಿಡಿ ಮುಚ್ಚಿಡಬಹುದು ಎಂದು ನಿಮಗನ್ನಿಸುತ್ತದೆ. ಮುಚ್ಚಬೇಡಿ. ಹೆರಿಫರ್ಡ್‌ನ ರಾನಿ ರ‍್ಯಾಡ್‌ಫರ್ಡ್ ಎಂಬ ಬಡಗಿ, ಕೆಸರಿನಿಂದ ಪುಟಿದೆದ್ದ ಚೆಂಡನ್ನು ಬಲುದೂರದಿಂದ ಬಾರಿಸಿದ. ಅದು ಗೋಲಿನ ಮೇಲ್ಮೂಲೆಗೆ ಹೋಗಿ ಕೂತಿತು. ಪಾರ್ಕಾ ಕೋಟಿನ ಹುಡುಗರು ಗದ್ದೆಗೆ ನುಗ್ಗಿದರು. ಹೆಚ್ಚುವರಿ ಸಮಯದಲ್ಲಿ, ಬದಲಿಯಾಗಿ ಇಳಿದಿದ್ದ ರಿಕಿ ಜಾರ್ಜ್ ಇನ್ನೊಂದು ಹೊಡೆದ. 2–1. ಮೊದಲ ಸಲವೇ ಸೋಲು-ಗೆಲುವು ತೀರ್ಮಾನವಾಗಿದ್ದರೆ ಈ ಕೆಸರೂ ಇಲ್ಲ, ಈ ಗೋಲೂ ಇಲ್ಲ. ಮರುಪಂದ್ಯವೆಂಬ ಬಿಡಿಭಾಗವನ್ನು ಯಾವ ಕಾರಣಕ್ಕೂ ಕಳಚಬೇಡಿ ಎನ್ನುವುದು ಅದಕ್ಕೇ.

ಫೈನಲ್‌ಗೆ ಹೆಚ್ಚು ಸೂಚನೆ ಬೇಕಿಲ್ಲ. ಮೇ 6, ವೆಂಬ್ಲಿ: ಅಲನ್ ಕ್ಲಾರ್ಕ್‌ನ ಹೆಡ್ಡರ್, ಲೀಡ್ಸ್ 1, ಆರ್ಸೆನಲ್ 0. ಮೊಣಕೈ ಕೀಲು ತಪ್ಪಿದ ಲೀಡ್ಸ್‌ನ ಮಿಕ್ ಜೋನ್ಸ್ ಕೈಕಟ್ಟಿಕೊಂಡೇ ಮೆಟ್ಟಿಲು ಹತ್ತಿ ರಾಣಿಯ ಮುಂದೆ ನಿಂತ. ಅಡ್ಡಪರಿಣಾಮ: ಎರಡೇ ದಿನಕ್ಕೆ ಲೀಡ್ಸ್ ವುಲ್ವ್ಸ್ ಎದುರು ಸೋತು ಲೀಗ್ ಪಟ್ಟವನ್ನು ಡರ್ಬಿಗೆ ಬಿಟ್ಟುಕೊಟ್ಟಿತು. ಇದಕ್ಕೆ ವಾರಂಟಿ ಇಲ್ಲ.

ಎಲ್ಲ ತೆಗೆದ ಮೇಲೆ ಪೆಟ್ಟಿಗೆಯ ತಳದಲ್ಲಿ ಒಂದು ಪೊಟ್ಟಣ ಸಿಗುತ್ತದೆ. ಸೆಮಿಫೈನಲ್‌ನಲ್ಲಿ ಸೋತ ಬರ್ಮಿಂಗ್‌ಹ್ಯಾಮ್ ಮತ್ತು ಸ್ಟೋಕ್ ಮೂರನೇ ಸ್ಥಾನಕ್ಕಾಗಿ ಆಡಿದ್ದು ಆಗಸ್ಟಿನಲ್ಲಿ, ಋತು ಮುಗಿದು ಮೂರು ತಿಂಗಳ ಮೇಲೆ. ಯಾರಿಗೂ ಬೇಡದ ಪಂದ್ಯ. 0–0 ಆದಾಗ ಇನ್ನೊಂದು ದಿನ ಬರಲು ಯಾರಿಗೆ ಪುರುಸೊತ್ತು? ಎಫ್‌ಎ ಕಪ್‌ನ ಮೊದಲ ಪೆನಾಲ್ಟಿ ಶೂಟೌಟ್ ನಡೆದದ್ದು ಅಲ್ಲಿ; ಬರ್ಮಿಂಗ್‌ಹ್ಯಾಮ್ 4–3. ಆಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 2024–25ರ ಮಾದರಿಯಲ್ಲಿ ಮೊದಲ ಸುತ್ತಿನಿಂದಲೇ ಮರುಪಂದ್ಯವನ್ನು ಕಳಚಿ, ಆ ಜಾಗಕ್ಕೆ ಈ ಪೊಟ್ಟಣದ್ದನ್ನೇ ಕೂರಿಸಿದ್ದಾರೆ.