ಎಲೆಗೆ ತಕ್ಕ ಸುಣ್ಣ

ಒಂದೂವರೆ ಕ್ವಿಂಟಾಲ್ ರಾಶಿ ಅಡಿಕೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರಲು ಸಾಧ್ಯವೇ? ಸಾಧ್ಯ. 2025ರ ಮಳೆಗಾಲಕ್ಕೆ ಮುಂಚೆ ನನ್ನ ಮಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಕೊಪ್ಪಕ್ಕೆ ಹಾಗೇ ಬಂದ. ಅಷ್ಟು ಹೊತ್ತಿಗೆ ಅಡಿಕೆ ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳಾಗಿ ಅವತಾರ ಎತ್ತಿತ್ತು, ಅಷ್ಟೆ.

"ಅಪ್ಪಯ್ಯ, ಮೀಡಿಯಂ ಬಜೆಟ್ಟಿಂದು ಸಾಕು" ಎಂದಿದ್ದ. ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸಿ, ಕೊನೆಗಾರನ ಕೂಲಿ ಕೊಟ್ಟು, ಆಮೇಲೆ ಉಳಿಯುವುದೇ ನಮ್ಮ ಕಡೆ ಮೀಡಿಯಂ ಬಜೆಟ್. ರಾಶಿ ಕ್ವಿಂಟಾಲಿಗೆ 50 ಸಾವಿರದ ಆಸುಪಾಸಿನಲ್ಲಿತ್ತು. 75 ಸಾವಿರಕ್ಕೆ ಒಪ್ಪಿದೆ. "ಆಟ ಆಡೋಕೆ ಯಾರಾದರೂ ಒಂದೂವರೆ ಕ್ವಿಂಟಾಲ್ ಸುರೀತಾರಾ?" ಎಂದು ಮನೆಯವಳು ಒಗ್ಗರಣೆ ಸೌಟನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಸುದ್ದಿ ಹೊರಬಿದ್ದದ್ದೇ ತಡ, ಮೂರು ತಾಲ್ಲೂಕಿನಿಂದ ಸಲಹೆ ಬಂತು. ಶೃಂಗೇರಿಯ ಷಡ್ಡಕರು ಗಾಜಿನ ಕ್ಯಾಬಿನೆಟ್ಟಿನ ಪರ. ಒಳಗೆ ಏಳು ಬಣ್ಣದ ದೀಪ ತಿರುಗುತ್ತಿದ್ದರೆ ನವರಾತ್ರಿಯೇ ಮನೆಗೆ ಬಂದಂತೆ ಎಂದರು. ನರಸಿಂಹರಾಜಪುರದ ಭಾವ, "ಗ್ರಾಫಿಕ್ಸ್ ಕಾರ್ಡ್ ಇದ್ದದ್ದರಲ್ಲಿ ದೊಡ್ಡದು ಹಾಕು, ಉಳಿದದ್ದು ಹೇಗೋ ನಡೆಯುತ್ತೆ" ಎಂದರು.

"ಇಲ್ಲ ಮಾವ" ಎಂದ ಮಗ. "ಕಾರ್ಡಿಗೆ ಕೆಲಸ ಬಡಿಸೋದು ಪ್ರೊಸೆಸರ್. ಬಡಿಸುವವ ನಿಧಾನ ಆದರೆ ಪಂಕ್ತಿಯಲ್ಲಿ ಎಷ್ಟು ದೊಡ್ಡ ಹೊಟ್ಟೆಯವರು ಕೂತರೂ ಎಲೆ ನೋಡ್ತಾ ಕೂರಬೇಕಷ್ಟೆ." ಸಮಾರಾಧನೆಯ ಊಟ ಬಲ್ಲ ಭಾವನಿಗೆ ಅದು ತಕ್ಷಣ ಅರ್ಥವಾಯಿತು.

ಆಮೇಲೆ ಸಾಲಾವಳಿ. ಆರು ಕೋರಿನ ರೈಜನ್ 5600ಕ್ಕೆ ಎಎಂ4 ಸಾಕೆಟ್ಟಿನ ಮದರ್‌ಬೋರ್ಡೇ ಆಗಬೇಕು. ಎಎಂ5 ಎಷ್ಟೇ ಒಳ್ಳೆ ಮನೆತನದ್ದಾದರೂ ಕೂಡಿಬರುವುದಿಲ್ಲ. ಆ ಬೋರ್ಡಿಗೆ ಡಿಡಿಆರ್4 ರ್‍ಯಾಮ್. ಡಿಡಿಆರ್5ರ ಕಚ್ಚಿನ ಜಾಗವೇ ಬೇರೆ, ಯಾವ ಶಾಂತಿ ಮಾಡಿಸಿದರೂ ಒಳಗೆ ಕೂರುವುದಿಲ್ಲ. 16 ಜಿಬಿ ರ್‍ಯಾಮ್ ಬೇಕೆಂದರೆ ಒಂದೇ ಕಡ್ಡಿ ಬೇಡ, 8ರ ಜೋಡಿ ಹಾಕಬೇಕಂತೆ. ದಂಪತಿ ಕೂರಿಸಿದರೇ ಕಾರ್ಯ ಸಾಂಗ.

ಕೊಪ್ಪದ ನಮ್ಮ ವೈರಿಂಗ್‌ನವನು ಮಾತ್ರ ಪಟ್ಟಿಯನ್ನು ನೋಡಲೇ ಇಲ್ಲ. "ಅರ್ಥಿಂಗ್ ಹೇಗುಂಟು ಮಾರಾಯ್ರೆ?" ಎಂದ. ತೋರಿಸಿದೆವು. ಬಾಳೆಬುಡದಲ್ಲಿ ತುಕ್ಕು ಹಿಡಿದ ಒಂದು ತಂತಿ ನಾಚಿಕೊಂಡು ನಿಂತಿತ್ತು. ಬಣ್ಣದ ದೀಪಗಳ ದುಡ್ಡು ಅಲ್ಲೇ ಗುಂಡಿ ಸೇರಿತು, ಉಪ್ಪು ಇದ್ದಿಲಿನ ಜೊತೆಗೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯಬೇಕು. ಮಳೆಗಾಲದ ಚಾಕರಿಯನ್ನು ಆಗುಂಬೆ ಕಡೆಯ ಮೋಡಗಳು ಪುಕ್ಕಟೆ ಮಾಡುತ್ತವೆ. ಇನ್ನಷ್ಟು ದುಡ್ಡು ಒಳ್ಳೆ ಎಸ್‌ಎಂಪಿಎಸ್ಸಿಗೆ, ಯುಪಿಎಸ್ಸಿಗೆ ಹೋಯಿತು. ಇಷ್ಟೆಲ್ಲ ಮಾಡಿಯೂ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡಬೇಕು. ಸಿಡಿಲಿಗೆ ವಾರಂಟಿಯ ಭಾಷೆ ತಿಳಿಯುವುದಿಲ್ಲ.

ಜೋಡಿಸುವ ದಿನ ಜಗಲಿಯಲ್ಲಿ ಎಲ್ಲರೂ ಕೂತೆವು. ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಪ್ರೊಸೆಸರ್. ಅಡಿಯಲ್ಲಿ 1331 ಕಾಲು. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಬಿಟ್ಟರೆ ತಾನಾಗಿ ಕೂರಬೇಕು, ಒತ್ತುವ ಹಾಗಿಲ್ಲ. ಕೂತಿತು. ಸಣ್ಣ ಸರಳನ್ನು ಮಡಿಸಿದ. ಆಮೇಲೆ ಟ್ಯೂಬಿನಿಂದ ಬೂದು ಬಣ್ಣದ ಪೇಸ್ಟ್ ತೆಗೆದ. ಅಲ್ಲಿಯವರೆಗೆ ಸುಮ್ಮನಿದ್ದ ನನ್ನಮ್ಮ ಎಲೆ ತೊಟ್ಟು ಮುರಿಯುತ್ತ ಬಗ್ಗಿ ನೋಡಿದರು.

"ಎಂತದಾ ಮಾಣಿ ಅದು, ಸುಣ್ಣವಾ?"

"ಹಾಗೇ ಅಂದ್ಕೊ ಅಜ್ಜಿ."

"ಹಾಗಾದ್ರೆ ಜಾಸ್ತಿ ಹಾಕ್ಬೇಡ. ಬಾಯಿ ಸುಡತ್ತೆ. ಕಡಿಮೆ ಆದ್ರೆ ಕೆಂಪಾಗಲ್ಲ."

ಮಗ ಬಟಾಣಿ ಕಾಳಿನಷ್ಟು ಇಟ್ಟ. ಅಷ್ಟೇ ಇಡಬೇಕಂತೆ. ಒಂದು ತಿಂಗಳು ಓದಿ ಅವನು ಕಲಿತದ್ದನ್ನು ಅಮ್ಮ ವೀಳ್ಯದೆಲೆಯ ಮೇಲೇ ಕಲಿತಿದ್ದರು. ಮೈಲುತುತ್ತಕ್ಕೆ ಸುಣ್ಣ ಕಡಿಮೆಯಾದರೆ ತೋಟ ಸುಡುತ್ತದೆಂದು ಬಲ್ಲ ನನಗೂ, ಅದುವರೆಗೆ ತಲೆ ತಿರುಗಿಸುತ್ತಿದ್ದ ಪಟ್ಟಿ ಒಮ್ಮೆಲೇ ಪರಿಚಿತವಾಯಿತು.

ಆ ವರ್ಷದ ಕೊನೆಗೆ ರ್‍ಯಾಮ್ ದರ ಗಗನಕ್ಕೇರಿತು. ಚಿಪ್ಪುಗಳನ್ನೆಲ್ಲ ಎಐ ಕಂಪನಿಗಳು ಬಾಚಿಕೊಂಡವಂತೆ. ದರ ಏರುವ ಹಿಂದಿನ ವಾರ ಅಡಿಕೆ ಮಾರಿಯೇ ಅಭ್ಯಾಸವಿದ್ದ ನಾನು, ದರ ಏರುವ ಮುಂಚೆ ಏನನ್ನಾದರೂ ಕೊಂಡದ್ದು ಇದೇ ಮೊದಲು.

ಆದರೆ ಕಂಪ್ಯೂಟರಿನ ನಿಜವಾದ ಉಪಯೋಗ ತಿಳಿದದ್ದು ಆಷಾಢದಲ್ಲಿ. ಎಲ್ಲ ಕಡೆ ಜನ ಇದನ್ನು ತಣ್ಣಗಿಡುವ ಚಿಂತೆಯಲ್ಲಿದ್ದಾರೆ. ನಮ್ಮಲ್ಲಿ ಉಪ್ಪಿನ ಭರಣಿ ಬೆವರಿ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿದು, ಬಟ್ಟೆ ವಾರಗಟ್ಟಲೆ ಒಣಗದ ಕಾಲ. ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್, ಪ್ರೊಸೆಸರ್ 65 ವ್ಯಾಟ್. ಆಟಕ್ಕೆ ಬಿಸಿ ಏರಿದರೆ ಹಳೆಯ ಕಾಲದ ನೂರು ವ್ಯಾಟಿನ ಎರಡು ಬಲ್ಬು ಉರಿಸಿದಷ್ಟು ಶಾಖ. ಇದನ್ನು ಮೊದಲು ಕಂಡುಹಿಡಿದದ್ದು ಬೆಕ್ಕು. ಬಚ್ಚಲೊಲೆಯ ಪಕ್ಕ ಬಿಟ್ಟು ಕ್ಯಾಬಿನೆಟ್ಟಿನ ಹಿಂದೆ ಸಂಸಾರ ಹೂಡಿತು. ಎರಡನೆಯದಾಗಿ ಕಂಡುಹಿಡಿದದ್ದು ನನ್ನ ಹೆಂಡತಿ.

ಮೊನ್ನೆ ರಾತ್ರಿ ಹತ್ತು ಗಂಟೆಗೆ ಮಗ ಆಕಳಿಸಿ ಏಳಹೊರಟ. ಅಡುಗೆಮನೆಯಿಂದ ಕೂಗು ಬಂತು:

"ನಿಲ್ಲಿಸಬೇಡ ಮಾರಾಯ, ಇನ್ನೊಂದು ಆಟ ಆಡು. ನಾಳೆ ತಂಗಿಗೆ ಶಾಲೆ ಉಂಟು, ಅವಳ ಕಾಲುಚೀಲ ಇನ್ನೂ ಒಣಗಲಿಲ್ಲ!"