ಎಲೆ ಎತ್ತುವವರು

ಮದುವೆಮನೆಯಲ್ಲಿ ನಾ ಮುಂದು ತಾ ಮುಂದು ಎಂದು ಸೌಟು ಹಿಡಿದವರೆಲ್ಲ ಎಲೆ ಎತ್ತುವ ಹೊತ್ತಿಗೆ ಫೋನ್ ಬಂತೆಂದು ಛತ್ರದ ಹೊರಗೆ ನಿಂತಿರುತ್ತಾರೆ. ನಮ್ಮ ಆಫೀಸಿನಲ್ಲೂ ಅದೇ ಕಥೆ. ಟೆಸ್ಟಿಗೆಂದು ಡೇಟಾಬೇಸ್ ತುಂಬ ಸುಳ್ಳು ಗಿರಾಕಿಗಳನ್ನೂ ಅವರ ಸುಳ್ಳು ಆರ್ಡರುಗಳನ್ನೂ ಸುರಿಯಲು ಎಲ್ಲರೂ ಸಿದ್ಧ; ಮುಗಿದ ಮೇಲೆ ಗುಡಿಸುವುದು ನನ್ನ ಪಾಲು.

"ನಾಲ್ಕು ಡಿಲೀಟ್ ಬರೆದು, ನಡುನಡುವೆ ಸೆಮಿಕೋಲನ್ ಹಾಕಿ ಒಟ್ಟಿಗೇ ಕಳಿಸಿಬಿಡಿ, ಅದೇನು ಮಹಾ" ಎನ್ನುತ್ತಾರೆ ನಮ್ಮ ಮ್ಯಾನೇಜರು. ಮೈಎಸ್‌ಕ್ಯೂಎಲ್‌ಗೆ ಜಾವಾದಿಂದ ಹಾಗೆ ಕಳಿಸಿ ನೋಡಬೇಕು. ಸಿಂಟ್ಯಾಕ್ಸ್ ತಪ್ಪು ಎಂಬ ಉತ್ತರ ಬರುತ್ತದೆ. ತಪ್ಪೆಲ್ಲಿ? ಅವೇ ಸಾಲುಗಳನ್ನು ಒಂದೊಂದಾಗಿ ಕೊಟ್ಟರೆ ತೆಪ್ಪಗೆ ನಡೆಸುತ್ತದೆ. ಅದಕ್ಕಿರುವುದು ಕಳ್ಳರ ಭಯ. ಹೆಸರು ಕೇಳಿದ ಕಡೆ ಸೆಮಿಕೋಲನ್ ಹಾಕಿ 'ಡ್ರಾಪ್ ಟೇಬಲ್' ಎಂದು ಬರೆಯುವ ಮಹಾನುಭಾವರಿದ್ದಾರಲ್ಲ! 2007ರ ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರದಲ್ಲಿ ತಾಯಿಯೊಬ್ಬಳು ಮಗನಿಗೆ ಇಂಥದೇ ಹೆಸರಿಟ್ಟು ಶಾಲೆಯ ದಾಖಲೆಗಳನ್ನೇ ಮಾಯ ಮಾಡುತ್ತಾಳೆ. ಅಂಥ ಮಕ್ಕಳ ದೆಸೆಯಿಂದ ನಾನು ಕನೆಕ್ಷನ್ ವಿಳಾಸದ ಬಾಲಕ್ಕೆ 'ಅಲೋ ಮಲ್ಟಿ ಕ್ವೆರೀಸ್' ಎಂಬ ಅಪ್ಪಣೆ ಅಂಟಿಸಬೇಕು. ನಮ್ಮ ಒರೇಕಲ್ ಇನ್ನೂ ಮಡಿವಂತ. ಒಂಟಿ ಸಾಲಿನ ಕೊನೆಯ ಸೆಮಿಕೋಲನ್ ಕಂಡರೂ 00911 ಎಂದು ಸಿಡುಕುತ್ತದೆ. ಬಿಗಿನ್, ಎಂಡ್‌ಗಳ ನಡುವೆ ಸುತ್ತಿ ಕೊಟ್ಟರೆ ಅದೇ ಸೆಮಿಕೋಲನ್ನುಗಳು ಸಲ್ಲುತ್ತವೆ. ಪೋಸ್ಟ್‌ಗ್ರೆಸ್ ಧಾರಾಳಿ. ಒಂದೇ ಟ್ರಂಕೇಟ್‌ನಲ್ಲಿ ಹತ್ತಾರು ಟೇಬಲ್ ಹೆಸರಿಸಬಹುದು, ಮನಸ್ಸು ಬದಲಾದರೆ ರೋಲ್‌ಬ್ಯಾಕ್ ಕೂಡ ಉಂಟು. ಮೈಎಸ್‌ಕ್ಯೂಎಲ್‌ನಲ್ಲಿ ಟ್ರಂಕೇಟ್ ಆದದ್ದು ಆಗಿಹೋಯಿತು.

ಇಷ್ಟಾದ ಮೇಲೂ ಸರದಿಯ ಜಗಳ. ಗಿರಾಕಿಯನ್ನು ಅಳಿಸಹೋದರೆ 1451: ಅವನಿಗೆ ಆರ್ಡರುಗಳಿವೆ. ಆರ್ಡರ್ ಅಳಿಸಹೋದರೆ ಅದಕ್ಕೆ ಬಿಲ್ಲುಗಳಿವೆ. ವಂಶವೃಕ್ಷವನ್ನು ಕೆಳಗಿನಿಂದ ಓದಬೇಕು. ಮೊದಲು ಮೊಮ್ಮಕ್ಕಳು, ಆಮೇಲೆ ಮಕ್ಕಳು, ಕೊನೆಗೆ ತಾತ. ಸ್ಪ್ರಿಂಟಿಗೊಬ್ಬ ಹೊಸ ಮೊಮ್ಮಗ ಹುಟ್ಟುತ್ತಾನೆ, ನಾಮಕರಣಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ.

ನಮ್ಮ ತಂಡದ ತರುಣನೊಬ್ಬ ಈ ತಂಟೆಯೇ ಬೇಡವೆಂದು ಫಾರಿನ್ ಕೀ ಚೆಕ್ಕನ್ನು 0 ಮಾಡಿ, ಮನಬಂದಂತೆ ಅಳಿಸಿ, ಮತ್ತೆ 1 ಮಾಡದೆ ಊಟಕ್ಕೆ ಹೋದ. ಆ ಕನೆಕ್ಷನ್ ಪೂಲ್‌ಗೆ ಮರಳಿ ಮುಂದಿನ ಟೆಸ್ಟಿನ ಕೈ ಸೇರಿತು. ಗಿರಾಕಿಯೇ ಇಲ್ಲದ ಆರ್ಡರುಗಳು ರಾಜಾರೋಷವಾಗಿ ಒಳಬಂದವು. ಆಮೇಲೆ 1 ಮಾಡಿದರೂ, ಆಗಲೇ ಒಳಗೆ ಕುಳಿತವರನ್ನು ನೀವು ಯಾರ ಕಡೆಯವರು ಎಂದು ಮೈಎಸ್‌ಕ್ಯೂಎಲ್ ಕೇಳುವುದಿಲ್ಲ. ಟೆಸ್ಟುಗಳೆಲ್ಲ ಹಸಿರೋ ಹಸಿರು. ಶುಕ್ರವಾರದ ಮೀಟಿಂಗ್‌ನಲ್ಲಿ ಮ್ಯಾನೇಜರು ಅವನನ್ನು ಎಬ್ಬಿಸಿ ನಿಲ್ಲಿಸಿ, ಕ್ಲೀನಪ್ ಎಂದರೆ ಹೀಗಿರಬೇಕು ಎಂದು ಚಪ್ಪಾಳೆ ತಟ್ಟಿಸಿದರು.